ಡೆಟ್ರಾಯಿಟ್: ಆ ಜನ ಎಲ್ಲಿಗೆ ಹೋದರು?

2011ರ ಮಾರ್ಚ್‌ನಲ್ಲಿ ಅಮೆರಿಕದ ಜನಗಣತಿ ಇಲಾಖೆ ಒಂದು ಅಂಕಿ ಹೊರಬಿಟ್ಟಿತು: 7,13,777. ಹಿಂದಿನ ವರ್ಷದ ಗಣತಿಯಲ್ಲಿ ಡೆಟ್ರಾಯಿಟ್ ನಗರದಲ್ಲಿ ಸಿಕ್ಕ ತಲೆಗಳು ಇಷ್ಟೇ. ಹತ್ತು ವರ್ಷ ಮುಂಚೆ ಅದೇ ಊರಲ್ಲಿ 9,51,270 ಜನ ಇದ್ದರು. ಅಂದರೆ ನಾಲ್ವರಲ್ಲಿ ಒಬ್ಬರು ನಾಪತ್ತೆ. ಅದೇ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಕೂಡ ಬಹಳ ಜನರನ್ನು ಕಳೆದುಕೊಂಡಿತ್ತು ನಿಜ, ಆದರೆ ಅಲ್ಲಿಗೆ ಕತ್ರಿನಾ ಚಂಡಮಾರುತ ಬಂದಿತ್ತು. ಡೆಟ್ರಾಯಿಟ್‌ಗೆ ಯಾವ ಚಂಡಮಾರುತವೂ ಬಂದಿರಲಿಲ್ಲ.

ಮೇಯರ್ ಡೇವ್ ಬಿಂಗ್ ಈ ಲೆಕ್ಕವನ್ನು ಪ್ರಶ್ನಿಸುತ್ತೇವೆ ಅಂದರು. ಅದು ಬರೀ ಪ್ರತಿಷ್ಠೆಯ ಮಾತಾಗಿರಲಿಲ್ಲ. ಮಿಶಿಗನ್ ರಾಜ್ಯದ ಕಾನೂನಿನಲ್ಲಿ 7.5 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಕ್ಕೆ ಮಾತ್ರ ಹೆಚ್ಚಿನ ದರದಲ್ಲಿ ಆದಾಯ ತೆರಿಗೆ ಹಾಕುವ ಅವಕಾಶ ಇತ್ತು. ಜನ ಕಡಿಮೆ ಆದರೆ ತೆರಿಗೆ ಹಾಕುವ ಹಕ್ಕೂ ಹೋಗುತ್ತೆ! ಕಡೆಗೆ ಶಾಸನಸಭೆ ಕಾನೂನಿನಲ್ಲಿದ್ದ ಅಂಕಿಯನ್ನೇ ಇಳಿಸಿ ಊರನ್ನು ಆ ಪೇಚಿನಿಂದ ಪಾರು ಮಾಡಿತು. ಗಣತಿ ಅಂದರೆ ನಮ್ಮಲ್ಲಿ ಅನೇಕರಿಗೆ ಸ್ಕೂಲ್ ಮೇಷ್ಟ್ರು ಮನೆಗೆ ಬಂದು ಫಾರಂ ತುಂಬಿಸಿಕೊಂಡು ಹೋಗುವ ಕೆಲಸ, ಅಷ್ಟೇ. ಆದರೆ ಆ ಫಾರಂ ಮೇಲೆ ಎಷ್ಟು ದುಡ್ಡು ನಿಂತಿರುತ್ತೆ ನೋಡಿ.

ಡೆಟ್ರಾಯಿಟ್ ಯಾಕೆ ಹಾಳಾಯ್ತು ಅಂತ ಯಾರನ್ನಾದರೂ ಕೇಳಿ, ಉತ್ತರ ರೆಡಿ ಇರುತ್ತೆ. ಜಪಾನ್ ಕಾರು ಬಂತು, ಯೂನಿಯನ್‌ಗಳು ಅತಿ ಮಾಡಿದವು, 1967ರಲ್ಲಿ ಗಲಭೆ ಆಯ್ತು, ಬಿಳಿಯರು ಊರು ಬಿಟ್ಟರು. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಹತ್ತು ವರ್ಷಕ್ಕೊಮ್ಮೆ ಬರುವ ಗಣತಿಯ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಕಥೆಯ ಕಾಲಾನುಕ್ರಮವೇ ತಪ್ಪು ಅಂತ ಗೊತ್ತಾಗುತ್ತೆ.

1900ರಲ್ಲಿ ಆ ಊರಿನ ಜನ 2,85,704. 1920ಕ್ಕೆ 9,93,678. ಇಪ್ಪತ್ತೇ ವರ್ಷದಲ್ಲಿ ಮೂರೂವರೆ ಪಟ್ಟು! ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರು ಬಿಟ್ಟ. 1913ರಲ್ಲಿ ಅವನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರುವಾಯ್ತು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಚಾಸಿ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ದಿನವಿಡೀ ಒಂದೇ ನಟ್ಟು ತಿರುಗಿಸುವ ಕೆಲಸ ಯಾರಿಗೆ ಬೇಕು ಹೇಳಿ? ಜನ ಸೇರಿದಷ್ಟೇ ಬೇಗ ಬಿಟ್ಟು ಹೋಗುತ್ತಿದ್ದರು. ಇವತ್ತಿನ ಹೆಚ್‌ಆರ್ ಭಾಷೆಯಲ್ಲಿ ಅದು ಆಟ್ರಿಷನ್. 1913ರಲ್ಲಿ ಅದು ವರ್ಷಕ್ಕೆ ಶೇ. 370. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಡಾಲರ್ ಕೂಲಿ ಅಂತ ಘೋಷಿಸಿದ. ಹಿಂದಿನದರ ಎರಡು ಪಟ್ಟಿಗೂ ಹೆಚ್ಚು. ಪೋಲೆಂಡ್, ಇಟಲಿ, ಸಿರಿಯಾ, ಅಮೆರಿಕದ ದಕ್ಷಿಣದ ಹತ್ತಿ ಹೊಲಗಳು, ಎಲ್ಲ ಕಡೆಯಿಂದ ಜನ ಬಂದು ಬಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಹೈಲ್ಯಾಂಡ್ ಪಾರ್ಕ್ ಡೆಟ್ರಾಯಿಟ್‌ನ ನಡುವೆಯೇ ಇದ್ದರೂ ಬೇರೆಯೇ ಪುರಸಭೆ. ಆಮೇಲೆ ಫೋರ್ಡ್ ಕಟ್ಟಿದ ದೈತ್ಯ ರಿವರ್ ರೂಜ್ ಕಾರ್ಖಾನೆ ಇರುವುದು ಪಕ್ಕದ ಡಿಯರ್‌ಬಾರ್ನ್‌ನಲ್ಲಿ. ಅಂದರೆ ಡೆಟ್ರಾಯಿಟ್‌ಗೆ ಹೆಸರು ತಂದ ಕಾರ್ಖಾನೆಗಳೇ ಅದರ ಗಡಿಯೊಳಗೆ ಇರಲಿಲ್ಲ. 1926ರ ನಂತರ ಆ ಗಡಿ ಬೆಳೆಯಲೂ ಇಲ್ಲ. ಸುಮಾರು 139 ಚದರ ಮೈಲಿಗೆ ನಿಂತುಬಿಟ್ಟಿತು. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆ ನಡೆಯುವುದೇ ಅದರ ಆಚೆ ಈಚೆ.

ಎರಡನೇ ಮಹಾಯುದ್ಧದಲ್ಲಿ ಇಡೀ ಊರೇ ಶಸ್ತ್ರಾಗಾರ ಆಯ್ತು. 1950ರ ಗಣತಿಯಲ್ಲಿ 18,49,568 ಜನ. ಅದೇ ಶಿಖರ. ಈಗ ಮುಂದಿನ ಅಂಕಿ ನೋಡಿ: 1960ರಲ್ಲಿ 16,70,144. ಸುಮಾರು 1.8 ಲಕ್ಷ ಜನ ಖಾಲಿ! ಆಗ ಅಮೆರಿಕದ ರಸ್ತೆಗಳಲ್ಲಿ ಜಪಾನ್ ಕಾರು ಅಂದರೆ ಅಪರೂಪದ ವಸ್ತು. ಗಲಭೆಗೆ ಇನ್ನೂ ಏಳು ವರ್ಷ ಇತ್ತು. ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಮೂವರಿಗೂ ಸುಗ್ಗಿಯ ಕಾಲ. ಕಂಪನಿಗಳು ಉಬ್ಬುತ್ತಿದ್ದಾಗಲೇ ಊರು ಸೊರಗಲು ಶುರುವಾಗಿತ್ತು.

ಹೇಗೆ ಅಂತೀರಾ? ಮೊದಲನೆಯದಾಗಿ ಕಾರ್ಖಾನೆಗಳ ಆಕಾರವೇ ಬದಲಾಯ್ತು. ಹಳೆಯವು ಮೂರು ನಾಲ್ಕು ಮಹಡಿಯ ಕಟ್ಟಡಗಳು. ಹೊಸ ಯಂತ್ರಗಳಿಗೆ ಬೇಕಿದ್ದು ಉದ್ದಕ್ಕೆ ಹರಡಿದ ಒಂದೇ ಅಂತಸ್ತು, ಪಕ್ಕದಲ್ಲಿ ಟ್ರಕ್ ತಿರುಗಲು, ಕಾರು ನಿಲ್ಲಿಸಲು ಜಾಗ. ಅಷ್ಟು ನೆಲ ಊರೊಳಗೆ ಎಲ್ಲಿದೆ? ಜೊತೆಗೆ ಯೂನಿಯನ್ ಗಟ್ಟಿಯಾಗಿದ್ದ ಒಂದೇ ಊರಲ್ಲಿ ಎಲ್ಲವನ್ನೂ ಇಡೋದು ಬೇಡ ಅನ್ನುವ ಲೆಕ್ಕಾಚಾರ. ಆಟೊಮೇಷನ್ ಬೇರೆ. ಇತಿಹಾಸಕಾರ ಥಾಮಸ್ ಸುಗ್ರೂ ತೋರಿಸಿರುವ ಹಾಗೆ 1947ರಿಂದ 1963ರ ಒಳಗೆ ಡೆಟ್ರಾಯಿಟ್ ಸುಮಾರು 1,34,000 ಕಾರ್ಖಾನೆ ಕೆಲಸಗಳನ್ನು ಕಳೆದುಕೊಂಡಿತು. ಪ್ಯಾಕರ್ಡ್ ಕಂಪನಿಯ ದೊಡ್ಡ ಕಾರ್ಖಾನೆಯಲ್ಲಿ ಕಾರು ಉತ್ಪಾದನೆ ನಿಂತದ್ದು 1956ರಲ್ಲೇ. ಅದರ ಪಾಳುಗೋಡೆಗಳ ಫೋಟೋ ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ.

ಎರಡನೆಯದು ಮನೆ. ಕೇಂದ್ರ ಸರ್ಕಾರದ ಖಾತರಿ ಇರುವ ಗೃಹಸಾಲ ಬಿಳಿಯರಿಗೆ, ಅದೂ ಹೊರವಲಯದ ಹೊಸ ಬಡಾವಣೆಗಳಲ್ಲಿ, ಸಲೀಸಾಗಿ ಸಿಗುತ್ತಿತ್ತು. ಕರಿಯರು ಇರುವ ಬೀದಿ ಅಂದರೆ ನಕಾಶೆಯಲ್ಲಿ ಕೆಂಪು ಬಣ್ಣ, ಸಾಲ ಇಲ್ಲ. 1941ರಲ್ಲಿ ಎಯ್ಟ್ ಮೈಲ್ ರಸ್ತೆಯ ಹತ್ತಿರ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಬಡಾವಣೆ ಮಾಡಲು ಹೊರಟ. ಪಕ್ಕದಲ್ಲಿ ಕರಿಯರಿದ್ದಾರೆ, ಸಾಲಕ್ಕೆ ಒಪ್ಪಿಗೆ ಇಲ್ಲ ಅಂದರು. ಆತ ಏನು ಮಾಡಿದ ಗೊತ್ತಾ? ನಡುವೆ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಕಟ್ಟಿದ. ಸಾಲ ಮಂಜೂರಾಯ್ತು! ಆ ಗೋಡೆ ಇವತ್ತಿಗೂ ನಿಂತಿದೆ. ಊರೊಳಗೆ ಕರಿಯರ ಅಂಗಡಿ, ಕ್ಲಬ್ಬು, ಚರ್ಚುಗಳಿಂದ ತುಂಬಿದ್ದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಪ್ರದೇಶಗಳನ್ನು ಕೆಡವಿ ಅದರ ಮೇಲೆ ಹೈವೇ ಹಾಯಿಸಿದರು. ಆ ಹೈವೇಗಳಲ್ಲಿ ಬೆಳಗ್ಗೆ ಆಫೀಸಿಗೆ ಬಂದು ಸಂಜೆ ಹೊರವಲಯದ ಮನೆಗೆ ಹೋಗುವುದು ಇನ್ನೂ ಸುಲಭವಾಯ್ತು.

1967ರ ಜುಲೈನಲ್ಲಿ ಪೊಲೀಸರ ಒಂದು ದಾಳಿಯಿಂದ ಹೊತ್ತಿಕೊಂಡ ಬೆಂಕಿ ಐದು ದಿನ ಉರಿಯಿತು. 43 ಜನ ಸತ್ತರು. ಅದು ವಲಸೆಯ ವೇಗ ಹೆಚ್ಚಿಸಿತು ನಿಜ, ಶುರು ಮಾಡಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ಮಿಲಿಕೆನ್ ವಿರುದ್ಧ ಬ್ರಾಡ್ಲಿ ಪ್ರಕರಣದಲ್ಲಿ, ನಗರದ ಮತ್ತು ಹೊರವಲಯದ ಶಾಲೆಗಳನ್ನು ಸೇರಿಸಿ ಮಕ್ಕಳನ್ನು ಬೆರೆಸುವ ಯೋಜನೆಯನ್ನು ತಳ್ಳಿಹಾಕಿತು. ಗೆರೆ ದಾಟಿ ಹೋದರೆ ಶಾಲೆಯ ಚಿಂತೆಯೂ ಇಲ್ಲ ಅಂದ ಹಾಗಾಯ್ತು.

ಹಾಗಾದರೆ ಆ ಜನ ಎಲ್ಲಿಗೆ ಹೋದರು? ಬಹಳ ಮಂದಿ ದೂರವೇನೂ ಹೋಗಲಿಲ್ಲ. ಎಯ್ಟ್ ಮೈಲ್ ರಸ್ತೆ ದಾಟಿದರೆ ಸಿಗುವ ಓಕ್‌ಲ್ಯಾಂಡ್ ಕೌಂಟಿಯಲ್ಲಿ 1950ರಲ್ಲಿ ಇದ್ದವರು ಸುಮಾರು 3.96 ಲಕ್ಷ, 2010ರಲ್ಲಿ 12 ಲಕ್ಷ. ಪಕ್ಕದ ಮಕೋಂಬ್ ಕೌಂಟಿ 1.85 ಲಕ್ಷದಿಂದ 8.4 ಲಕ್ಷಕ್ಕೆ ಏರಿತು. ನಗರ ಮತ್ತು ಸುತ್ತಲಿನ ಊರುಗಳನ್ನು ಒಟ್ಟು ಲೆಕ್ಕ ಹಾಕಿದರೆ 2010ರಲ್ಲೂ 40 ಲಕ್ಷಕ್ಕೂ ಹೆಚ್ಚು ಜನ. ನಮ್ಮವರೂ ಆ ಲೆಕ್ಕದಲ್ಲಿದ್ದಾರೆ. ಅಲ್ಲಿನ ಕನ್ನಡಿಗರಿಗೆ ಪಂಪ ಕನ್ನಡ ಕೂಟ ಇದೆ. ಆಟೊ ಕಂಪನಿಗಳಲ್ಲಿ ಎಂಜಿನಿಯರ್ ಆಗಿರುವ ಗೆಳೆಯರು 'ಡೆಟ್ರಾಯಿಟ್‌ನಲ್ಲಿದೀನಿ' ಅಂತಾರೆ. ಅಡ್ರೆಸ್ ಕೇಳಿದರೆ ಟ್ರಾಯ್, ನೋವೈ ಅಥವಾ ಕ್ಯಾಂಟನ್ ಬರುವುದೇ ಹೆಚ್ಚು. ಅವರ ಆಸ್ತಿ ತೆರಿಗೆ ಹೋಗುವುದೂ ಆಯಾ ಊರಿಗೇ.

ನಗರದ ಕಷ್ಟ ಇರುವುದು ಇಲ್ಲಿಯೇ. 18 ಲಕ್ಷ ಜನಕ್ಕೆ ಅಂತ ಹಾಕಿದ ನೀರಿನ ಪೈಪು, ಬೀದಿದೀಪ, ಫೈರ್ ಸ್ಟೇಷನ್ ಅಷ್ಟೂ ಜಾಗದಲ್ಲಿ ಹಾಗೇ ಇವೆ. ಒಂದು ಬೀದಿಯಲ್ಲಿ ಮೂವತ್ತು ಮನೆ ಇದ್ದಲ್ಲಿ ನಾಲ್ಕು ಉಳಿದರೂ ಪೈಪು ಅಷ್ಟೇ ಉದ್ದ, ಅಲ್ವಾ? ತೆರಿಗೆ ಏರಿಸಿದರೆ ಇನ್ನಷ್ಟು ಜನ ಹೋಗ್ತಾರೆ, ಸೇವೆ ಕಡಿತ ಮಾಡಿದರೂ ಹೋಗ್ತಾರೆ. 2000ದಿಂದ 2010ರ ಒಳಗೆ ಹಾಗೆ ಹೋದವರು ಬಹುಪಾಲು ಬಿಳಿಯರಲ್ಲ. ಸುಮಾರು 1.85 ಲಕ್ಷ ಕರಿಯರು ಆ ದಶಕದಲ್ಲಿ ಕಡಿಮೆಯಾದರು. ಸಾಲದ ಬಿಕ್ಕಟ್ಟಿನಲ್ಲಿ ಮನೆ ಕಳೆದುಕೊಂಡವರು, ಮಕ್ಕಳಿಗೆ ಒಳ್ಳೆ ಶಾಲೆ ಹುಡುಕಿ ಹೊರಟವರು. ಅವರ ಅಪ್ಪ ಅಮ್ಮಂದಿರಿಗೆ ದಾಟಲು ಬಿಡದ ಗೆರೆಯನ್ನು ಅವರು ಕೊನೆಗೂ ದಾಟಿದರು. ಅದನ್ನು ಬರೀ ಸೋಲು ಅನ್ನೋದು ಹೇಗೆ?

2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲ ಮತ್ತು ಬಾಧ್ಯತೆಗಳೊಂದಿಗೆ ಡೆಟ್ರಾಯಿಟ್ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ಆಗ ಊರಿನ ಬೀದಿದೀಪಗಳಲ್ಲಿ ಸುಮಾರು ಶೇ. 40ರಷ್ಟು ಉರಿಯುತ್ತಿರಲಿಲ್ಲ. ಡಿಯಾಗೊ ರಿವೆರಾ ಕಾರ್ಮಿಕರ ಭಿತ್ತಿಚಿತ್ರ ಬರೆದ ಕಲಾ ಮ್ಯೂಸಿಯಂನ ಸಂಗ್ರಹವನ್ನು ಮಾರಿಬಿಡಿ ಅನ್ನುವ ಒತ್ತಡ ಬಂತು. ದಾನಿಗಳು ಮತ್ತು ರಾಜ್ಯ ಸರ್ಕಾರ ಹಣ ಕೂಡಿಸಿ ಅದನ್ನು ಉಳಿಸಿದರು. ಆದರೂ ನಗರಸಭೆಯ ಸಾಮಾನ್ಯ ನಿವೃತ್ತ ನೌಕರರ ಪಿಂಚಣಿಯಲ್ಲಿ ಶೇ. 4.5 ಕತ್ತರಿಸಿದರು, ಬೆಲೆ ಏರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳವೂ ಹೋಯ್ತು. ಊರು ಬಿಟ್ಟವರ ಬಿಲ್ಲನ್ನು ಊರಿಗೆ ದುಡಿದವರು ಕಟ್ಟಿದರು.

2020ರ ಗಣತಿಯಲ್ಲಿ ಅಂಕಿ ಇನ್ನೂ ಇಳಿದು 6,39,111 ಆಯ್ತು. ನಗರ ಮತ್ತೆ ತಕರಾರು ತೆಗೆಯಿತು. 2024ರ ಮೇ ತಿಂಗಳಲ್ಲಿ ಬಂದ ಅಂದಾಜಿನಲ್ಲಿ ಮಾತ್ರ ಬೇರೆ ಸುದ್ದಿ: ಜನಸಂಖ್ಯೆ ಸುಮಾರು 1,850ರಷ್ಟು ಹೆಚ್ಚಾಗಿದೆ, 1957ರಿಂದೀಚೆಗೆ ಮೊದಲ ಸಲ. ಮರುತಿಂಗಳು, 1988ರಿಂದ ರೈಲೇ ಬರದೆ ಪಾಳು ಬಿದ್ದಿದ್ದ ಮಿಶಿಗನ್ ಸೆಂಟ್ರಲ್ ನಿಲ್ದಾಣವನ್ನು ಫೋರ್ಡ್ ಕಂಪನಿ ದುರಸ್ತಿ ಮಾಡಿ ತೆರೆಯಿತು. ಪಟಾಕಿ, ಸಂಗೀತ, ಭಾಷಣ ಎಲ್ಲಾ ಆಯ್ತು.

ಸಾವಿರದೆಂಟುನೂರು ಜನ ಅಂದರೆ ಬೆಂಗಳೂರಿನ ಎರಡು ದೊಡ್ಡ ಅಪಾರ್ಟ್‌ಮೆಂಟ್ ಭರ್ತಿ ಆಗಬಹುದು, ಅಷ್ಟೇ. ಆದರೆ 1957ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿ, ಅಲ್ಲೇ ಓದಿ, ನಗರಸಭೆಯಲ್ಲೇ ಕೆಲಸ ಮಾಡಿ, ಕತ್ತರಿ ಬಿದ್ದ ಪಿಂಚಣಿಯಲ್ಲಿ ಅದೇ ಬೀದಿಯಲ್ಲಿ ಉಳಿದವರ ಕಡೆಯಿಂದ ನೋಡಿ. ತಮ್ಮ ಊರಿಗೆ ಹೋದವರಿಗಿಂತ ಬಂದವರು ಜಾಸ್ತಿ ಅನ್ನುವ ಸುದ್ದಿಯನ್ನು ಅವರು ಮೊದಲ ಸಲ ಕೇಳಿದ್ದು ಅರವತ್ತಾರು ದಾಟಿದ ಮೇಲೆ.