ಚಿನ್ನದ ಕಣ, ಬೆಳಕು ಮತ್ತು ಆಲ್ಕೊಹಾಲುಗಳ ಉತ್ಕರ್ಷಣ

ಪುಟಕ್ಕಿಟ್ಟರೂ ಕಂದದ ಲೋಹವೆಂದು ಚಿನ್ನಕ್ಕೆ ಸಂದ ಕೀರ್ತಿಯೇ ರಸಾಯನಶಾಸ್ತ್ರದಲ್ಲಿ ಅದಕ್ಕೆ ಬಹುಕಾಲ ಅಡ್ಡಿಯಾಯಿತು. ಪ್ಲಾಟಿನಂ ಲೋಹವು 19ನೆಯ ಶತಮಾನದಲ್ಲಿಯೇ ವೇಗವರ್ಧಕವೆಂದು ಹೆಸರಾಯಿತು. ಚಿನ್ನವನ್ನಾದರೋ ಜಡವೆಂದೇ ಎಣಿಸಿದರು. ಅದೇ ಚಿನ್ನವು ಸೂಕ್ಷ್ಮಕಣವಾಗಿ ಆಕ್ಸೈಡಿನ ಪುಡಿಯನ್ನು ಆಶ್ರಯಿಸಿದಾಗ, ಬೆಳಕಿನ ಬಲದಿಂದ ಆಲ್ಕೊಹಾಲನ್ನು ಆಲ್ಡಿಹೈಡಾಗಿ ಮಾರ್ಪಡಿಸಬಲ್ಲುದು. ಈ ಅರಿವಿನ ಹಿಂದೆ ಬಹುಕಾಲ ಒಂದನ್ನೊಂದು ಸಂಧಿಸದ ಎರಡು ಚರಿತ್ರೆಗಳಿವೆ: ಒಂದು ಬಣ್ಣದ್ದು, ಇನ್ನೊಂದು ವೇಗವರ್ಧನೆಯದು.

ಬಣ್ಣದ ಚರಿತ್ರೆಯಲ್ಲಿ ಮೊದಲು ಸ್ಮರಿಸಬೇಕಾದವನು ಮೈಕೆಲ್ ಫ್ಯಾರಡೆ. ಚಿನ್ನದ ಲವಣದ ದ್ರಾವಣಕ್ಕೆ ರಂಜಕವನ್ನು ಸೇರಿಸಿ ಆತನು ಮಾಣಿಕ್ಯವರ್ಣದ ದ್ರವವನ್ನು ಪಡೆದನು. ಆ ಕೆಂಪು ಅತಿಸೂಕ್ಷ್ಮವಾಗಿ ಚದುರಿದ ಲೋಹರೂಪದ ಚಿನ್ನದ್ದೇ ಎಂದು 1857ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದನು. ಇದಕ್ಕೆ ಗಣಿತದ ಆಧಾರವನ್ನು 1908ರಲ್ಲಿ ಗುಸ್ಟಾವ್ ಮೀ ಒದಗಿಸಿದನು. ನೀರಿನಲ್ಲಿರುವ ಇಂತಹ ಕಣಗಳು ಸುಮಾರು 520 ನ್ಯಾನೊಮೀಟರಿನ ಹಸುರು ಬೆಳಕನ್ನು ಹೀರುವುದರಿಂದ ಉಳಿದ ಬೆಳಕು ನಮಗೆ ಕೆಂಪಾಗಿ ತೋರುತ್ತದೆ.

ವೇಗವರ್ಧನೆಯ ಚರಿತ್ರೆಯು ಕುಂಟುತ್ತ ಸಾಗಿತು. 1906ರಲ್ಲಿ ಬೋನ್ ಮತ್ತು ವೀಲರ್, 1973ರಲ್ಲಿ ಜೆಫ್ರಿ ಬಾಂಡ್ ಮತ್ತು ಸಂಗಡಿಗರು ಚಿನ್ನದ ಕ್ರಿಯಾಶೀಲತೆಗೆ ಸಾಕ್ಷ್ಯವಿತ್ತರೂ ಅದು ಹೆಚ್ಚಿನ ಗಮನ ಸೆಳೆಯಲಿಲ್ಲ. 1987ರಲ್ಲಿ ಜಪಾನಿನ ಮಸತಾಕೆ ಹರುತ ಮತ್ತು ಅವರ ಸಹೋದ್ಯೋಗಿಗಳು, ಲೋಹದ ಆಕ್ಸೈಡುಗಳ ಮೇಲೆ ನೆಲೆಗೊಳಿಸಿದ ಚಿನ್ನದ ಸಮಕ್ಷಮದಲ್ಲಿ ಕಾರ್ಬನ್ ಮಾನಾಕ್ಸೈಡು ಸೊನ್ನೆಗಿಂತ 70 ಡಿಗ್ರಿ ಸೆಲ್ಸಿಯಸ್ ಕೆಳಗೂ ಉತ್ಕರ್ಷಣಗೊಳ್ಳುವುದೆಂದು ತೋರಿಸಿದ ಮೇಲೆಯೇ ವಿದ್ವಾಂಸರ ಕಣ್ಣು ತೆರೆಯಿತು. ರಹಸ್ಯವಿದ್ದುದು ಕಣದ ಗಾತ್ರದಲ್ಲಿ. ಫ್ಯಾರಡೆಯ ಕೆಂಪಿನ ರಹಸ್ಯವೂ ಅದೇ ಆಗಿತ್ತೆಂಬುದು ಗಮನಾರ್ಹ. 1998ರಲ್ಲಿ ಪ್ರಾತಿ ಮತ್ತು ರೊಸ್ಸಿ ಇಂಗಾಲದ ಮೇಲಣ ಚಿನ್ನದಿಂದ ಡೈಯಾಲುಗಳನ್ನು ಉತ್ಕರ್ಷಿಸಿದರು. ಆಲ್ಕೊಹಾಲುಗಳ ಉತ್ಕರ್ಷಣಕ್ಕೆ ಪ್ರಯೋಗಶಾಲೆಗಳಲ್ಲಿ ರೂಢಿಯಲ್ಲಿದ್ದ ಕ್ರೋಮಿಯಂ ಸಂಯುಕ್ತಗಳು ವಿಷಮಯವಾದ ಕಸವನ್ನು ಉಳಿಸುತ್ತಿದ್ದುದರಿಂದ, ಗಾಳಿಯ ಆಮ್ಲಜನಕದಿಂದಲೇ ಆ ಕಾರ್ಯ ನಡೆಯುವುದೆಂಬುದು ಅಲ್ಪ ಲಾಭವಲ್ಲ.

ಎರಡು ಚರಿತ್ರೆಗಳೂ ಕೂಡಿದ್ದು 2005ರ ಸುಮಾರಿಗೆ. ಟೋಕಿಯೊದಲ್ಲಿ ಟಿಯಾನ್ ಮತ್ತು ತತ್ಸುಮ, ಟೈಟೇನಿಯಂ ಡೈಆಕ್ಸೈಡಿನ ಪೊರೆಯಲ್ಲಿ ಚಿನ್ನದ ಕಣಗಳನ್ನಿಟ್ಟು, ದೃಗ್ಗೋಚರ ಬೆಳಕಿನಲ್ಲಿ ಎಥನಾಲು ಮತ್ತು ಮೆಥನಾಲುಗಳನ್ನು ಉತ್ಕರ್ಷಿಸಿದರು. ಬೆಳಕನ್ನು ಹೀರಿದ ಚಿನ್ನದಿಂದ ಎಲೆಕ್ಟ್ರಾನು ಆಕ್ಸೈಡಿಗೆ ಜಿಗಿಯುತ್ತದೆ. ಚಿನ್ನದಲ್ಲಿ ಉಂಟಾದ ಕೊರತೆಯನ್ನು ಆಲ್ಕೊಹಾಲು ತುಂಬಿಕೊಡುತ್ತದೆ, ಎಂಬುದು ಅವರ ವಿವರಣೆ. 2012ರಲ್ಲಿ ಹಿರೋಷಿ ಕೊಮಿನಾಮಿಯವರ ತಂಡವು ಸೀರಿಯಂ ಆಕ್ಸೈಡಿನ ಮೇಲಣ ಚಿನ್ನದಿಂದ, ನೀರಿನಲ್ಲಿಯೇ, ಹಸುರು ಬೆಳಕಿನಿಂದ ಬೆಂಜೈಲ್ ಆಲ್ಕೊಹಾಲನ್ನು ಕಹಿಬಾದಾಮಿಯ ಗಂಧದ ಬೆಂಜಾಲ್ಡಿಹೈಡಾಗಿ ಪರಿವರ್ತಿಸಿದುದನ್ನು ಪ್ರಕಟಿಸಿತು.

ಎಲೆಕ್ಟ್ರಾನಿನ ವಿವರಣೆಯನ್ನು ಪೂರ್ಣವಾಗಿ ಒಪ್ಪುವುದಕ್ಕೆ ಒಂದು ತೊಡಕುಂಟು. ಚಿನ್ನವು ಯಾವ ಬಣ್ಣವನ್ನು ಹೆಚ್ಚಾಗಿ ಹೀರುವುದೋ ಅದೇ ಬಣ್ಣದಲ್ಲಿ ಕ್ರಿಯೆಯೂ ವೇಗವಾಗಿ ನಡೆಯುವುದನ್ನು ಪ್ರಮಾಣವಾಗಿ ತೋರಿಸುವುದುಂಟು. ಆದರೆ ಹೀರಿದ ಬೆಳಕು ಕಣವನ್ನು ಕಾಯಿಸಿದರೂ ಅದೇ ಹೊಂದಾಣಿಕೆ ಕಾಣಬೇಕಷ್ಟೆ! ಇಂತಹ ಕ್ರಿಯೆಗಳಲ್ಲಿ ಶಾಖದ ಪಾಲೆಷ್ಟು, ಎಲೆಕ್ಟ್ರಾನಿನ ಪಾಲೆಷ್ಟು ಎಂಬ ವಾದವು 2018ರಿಂದೀಚೆಗೆ ತೀವ್ರವಾಗಿದೆ. ಕೆಲವೇ ನ್ಯಾನೊಮೀಟರು ಅಗಲದ ಕಣದ ಮೈಯ ಉಷ್ಣತೆಯನ್ನು ಅಳೆಯುವುದು ಸುಲಭಸಾಧ್ಯವಲ್ಲ. ಹಡಗಿನಂತೆ ತೇಲುವ ಪುಡಿಯನ್ನು ಬಿಟ್ಟು ಸುತ್ತಲಿನ ದ್ರವದ ಉಷ್ಣತೆಯನ್ನು ಮಾತ್ರ ಬರೆದಿಟ್ಟ ಪ್ರಯೋಗಗಳಿಂದ ಈ ವಾದವು ತೀರುವಂತಿಲ್ಲ.