ಅರವತ್ತರಿಂದ ಎಪ್ಪತ್ತರವರೆಗೆ: ಶರಾವತಿ ಹಿನ್ನೀರಿನ ಹಿರಿಯರು ಮತ್ತು ಪೂರಕ ಆರೋಗ್ಯ ವಿಮೆಯ ಪ್ರಶ್ನೆ

ಕರ್ನಾಟಕದ ಆರೋಗ್ಯ ವಿಮೆಯ ಕುರಿತ ಬರಹಗಳಲ್ಲಿ ಎರಡು ಅಧ್ಯಯನಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಸಹಕಾರ ಸಂಘಗಳ ಸದಸ್ಯರಿಗಾಗಿನ ಯಶಸ್ವಿನಿ ಯೋಜನೆಯ ಪರಿಣಾಮವನ್ನು ಅಳೆಯಲು ಆರಾಧನಾ ಅಗರ್ವಾಲ್ ಅವರು ಗ್ರಾಮೀಣ ಕರ್ನಾಟಕದ 4,109 ಕುಟುಂಬಗಳ ಸಮೀಕ್ಷೆ ನಡೆಸಿ 2010ರಲ್ಲಿ ಪ್ರಕಟಿಸಿದ ಲೇಖನ ಒಂದು. ಬಡ ಕುಟುಂಬಗಳಿಗಾಗಿನ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಕುರಿತು ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು ಇನ್ನೊಂದು. ಸದಸ್ಯತ್ವದಿಂದ ಚಿಕಿತ್ಸೆಯ ಬಳಕೆ ಹೆಚ್ಚಿತು, ಕೈಯಿಂದ ಹೋಗುವ ಹಣ ತಗ್ಗಿತು ಎಂದು ಮೊದಲನೆಯದು ತೋರಿಸಿತು. ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಹೃದ್ರೋಗ, ಕ್ಯಾನ್ಸರ್‌ಗಳಂಥ ಕಾಯಿಲೆಗಳ ಸಾವಿನ ಪ್ರಮಾಣ ಶೇ. 0.32 ಇದ್ದರೆ, ಪಕ್ಕದ ಹಳ್ಳಿಗಳಲ್ಲಿ ಶೇ. 0.90 ಇತ್ತೆಂದು ಎರಡನೆಯದು ಹೇಳಿತು. ಸಾರ್ವಜನಿಕ ವಿಮೆ ಆರ್ಥಿಕ ರಕ್ಷಣೆ ಕೊಡುವಲ್ಲಿ ಸೋಲುತ್ತದೆ ಎಂಬ ಸೆಲ್ವರಾಜ್ ಮತ್ತು ಕರಣ್ ಅವರ 2012ರ ವಾದವೂ ಇದೆ. ಇವುಗಳ ತುಲನೆ ಹಲವೆಡೆ ನಡೆದಿರುವುದರಿಂದ ಇಲ್ಲಿ ಅದನ್ನು ಮತ್ತೆ ಮಾಡುವುದಿಲ್ಲ.

ನನ್ನ ತಕರಾರು ಈ ಅಧ್ಯಯನಗಳ ಅಂಕಿಗಳ ಬಗ್ಗೆಯಲ್ಲ. ಅವುಗಳ ಆಧಾರದ ಮೇಲೆ ರೂಢಿಗೆ ಬಂದಿರುವ ಒಂದು ತೀರ್ಮಾನದ ಬಗ್ಗೆ. ‘ಸರ್ಕಾರದ ಕಾರ್ಡ್ ತಳಪಾಯ, ನಿವೃತ್ತಿಯ ಹೊತ್ತಿಗೆ ಅದರ ಮೇಲೊಂದು ದೊಡ್ಡ ಟಾಪ್-ಅಪ್ ಪಾಲಿಸಿ ಇದ್ದರೆ ಸಾಕು’ ಎಂಬುದು ಆ ತೀರ್ಮಾನ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ, ಅದರಲ್ಲೂ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಂಚಿನ ಊರುಗಳ ಸ್ಥಿತಿಗೆ ಇದನ್ನು ಒಡ್ಡಿದರೆ ನಿಲ್ಲುವುದಿಲ್ಲ.

ಮೊದಲು ಗಡಿಯ ಮಾತು. ಆರೋಗ್ಯಶ್ರೀ 2010ರಲ್ಲಿ ಆರಂಭವಾದದ್ದು ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಲ್ಲಿ. ಉತ್ತರ ಕನ್ನಡ ಬೆಳಗಾವಿ ವಿಭಾಗಕ್ಕೆ ಸೇರಿದ್ದು, ಶಿವಮೊಗ್ಗ ಬೆಂಗಳೂರು ವಿಭಾಗಕ್ಕೆ. ಹೀಗಾಗಿ ಜೋಗದ ಆಚೆಗಿನ ಸಿದ್ದಾಪುರದ ಬಡ ಕುಟುಂಬಕ್ಕೆ ಯೋಜನೆಯ ಬಾಗಿಲು ತೆರೆದಾಗ ಈಚೆಗಿನ ಸಾಗರದ ಕುಟುಂಬ ಹೊರಗಿತ್ತು. ಅದೇ ಮಳೆ, ಅದೇ ಅಡಿಕೆ ತೋಟ, ಎರಡೂ ಕಡೆ ಹರಡಿದ ನೆಂಟಸ್ತನ; ನಡುವೆ ಆಡಳಿತದ ಒಂದು ಗೆರೆ. ಯೋಜನೆ ಮುಂದೆ ಉಳಿದ ವಿಭಾಗಗಳಿಗೂ ಬಂತು. ಆದರೆ ಅಧ್ಯಯನ ಕಂಡ ಪ್ರಯೋಜನ ಬಡತನ ರೇಖೆಯ ಕೆಳಗಿನ (ಬಿಪಿಎಲ್) ಕುಟುಂಬಗಳದು. ರೇಖೆಯ ಮೇಲಿನ (ಎಪಿಎಲ್) ಕುಟುಂಬಗಳಲ್ಲಿ ಎರಡೂ ಬದಿಯ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಅವರು ಯೋಜನೆಗೆ ಅರ್ಹರೇ ಆಗಿರಲಿಲ್ಲವಾದ್ದರಿಂದ ಅದು ಸಹಜ. ಆ ಫಲಿತಾಂಶವನ್ನು ಇಂದಿನ ಎಪಿಎಲ್ ಕಾರ್ಡ್‌ನ ಸಣ್ಣ ಅಡಿಕೆ ಬೆಳೆಗಾರನಿಗೆ, ನಿವೃತ್ತ ಶಿಕ್ಷಕಿಗೆ, ಕಾರ್ಗಲ್ಲಿನ ಮಾಜಿ ನೌಕರನಿಗೆ ಅನ್ವಯಿಸಲು ಬರುವುದಿಲ್ಲ.

ಈ ಗುಂಪಿನವರ ಕೈಯಲ್ಲಿ ಇರುವುದೇನು? 2018ರ ಅಕ್ಟೋಬರ್‌ನಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನಿಯಮದಂತೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಗೊಳಪಟ್ಟು. 70 ತುಂಬಿದವರಿಗೆ ಆದಾಯದ ಪ್ರಶ್ನೆಯಿಲ್ಲದೆ 5 ಲಕ್ಷ ಕೊಡುವ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ ಸಾರಿದ್ದು 2024ರ ಅಕ್ಟೋಬರ್ 29ರಂದು. ರಾಜ್ಯ ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಸೇವೆಯಲ್ಲಿ ಇರುವವರಿಗಾಗಿ ಮಾಡಿದ್ದು. 60ಕ್ಕೆ ನಿವೃತ್ತರಾದ ಮೇಲೆ ಆ ಆಸರೆ ಇಲ್ಲ. ತೋಟದವರಿಗೆ ನಿವೃತ್ತಿಯ ಆದೇಶ ಬರುವುದಿಲ್ಲ ನಿಜ. ಆದರೂ ಅಡಿಕೆ ಮರ ಹತ್ತುವುದನ್ನು, ಸೊಪ್ಪು ಹೊರುವುದನ್ನು ಬಿಡುವ ವಯಸ್ಸು ಅವರಿಗೂ ಅದೇ ಹೊತ್ತಿಗೆ ಬರುತ್ತದೆ. ಒಟ್ಟಿನಲ್ಲಿ 60ರಿಂದ 70ರ ನಡುವೆ ಎಪಿಎಲ್ ಕುಟುಂಬದ ಹಿರಿಯರ ಪಾಲಿಗೆ ಹತ್ತು ವರ್ಷಗಳ ಒಂದು ತೆರಪು ಉಳಿಯುತ್ತದೆ.

ಈ ತೆರಪನ್ನು ಮುಚ್ಚಲು ಪೇಟೆಯಲ್ಲಿ ಹೆಚ್ಚಾಗಿ ಸೂಚಿಸುವುದು ಸೂಪರ್ ಟಾಪ್-ಅಪ್. ಅದರ ಕೆಲಸ ಹೀಗೆ: ಪಾಲಿಸಿಯಲ್ಲಿ ಒಂದು ಕಡಿತ ಮಿತಿ ಇರುತ್ತದೆ, 3 ಲಕ್ಷವೋ 5 ಲಕ್ಷವೋ. ವರ್ಷದ ಒಟ್ಟು ಆಸ್ಪತ್ರೆ ಖರ್ಚು ಆ ಮಿತಿ ದಾಟಿದ ಮೇಲಷ್ಟೇ ಕಂಪನಿ ಹಣ ಕೊಡುತ್ತದೆ. ಬರಿಯ ಟಾಪ್-ಅಪ್‌ನಲ್ಲಿ ಪ್ರತಿ ಬಾರಿಯ ದಾಖಲಾತಿಯನ್ನು ಬೇರೆಬೇರೆಯಾಗಿ ಲೆಕ್ಕ ಹಿಡಿಯುತ್ತಾರೆ. 3 ಲಕ್ಷದ ಮಿತಿಯಿದ್ದು, ವರ್ಷದಲ್ಲಿ ಎರಡು ಸಲ ತಲಾ 2 ಲಕ್ಷ ಖರ್ಚಾದರೆ ಟಾಪ್-ಅಪ್‌ನಿಂದ ಏನೂ ಸಿಗದು. ಸೂಪರ್ ಟಾಪ್-ಅಪ್‌ನಿಂದ 1 ಲಕ್ಷ ಸಿಗುತ್ತದೆ. ವಯಸ್ಸಾದವರು ಒಂದೇ ಕಾಯಿಲೆಗೆ ಮತ್ತೆ ಮತ್ತೆ ದಾಖಲಾಗುವುದುಂಟು. ಆದ್ದರಿಂದ ಇವೆರಡರಲ್ಲಿ ಸೂಪರ್ ಟಾಪ್-ಅಪ್ ಮೇಲು ಎಂಬುದರಲ್ಲಿ ವಿವಾದವಿಲ್ಲ.

ವಿವಾದ ಇರುವುದು ಕಡಿತ ಮಿತಿಯನ್ನು ತುಂಬುವವರು ಯಾರು ಎಂಬಲ್ಲಿ. ಸರ್ಕಾರದ ಕಾರ್ಡ್ 5 ಲಕ್ಷದ್ದು, ಹಾಗಾಗಿ 5 ಲಕ್ಷದ ಕಡಿತ ಮಿತಿಯ ಪಾಲಿಸಿ ಕೊಂಡರೆ ಎರಡೂ ಸರಿಯಾಗಿ ಜೋಡಿಯಾಗುತ್ತವೆ, ಕಂತೂ ಅಗ್ಗ ಎನ್ನುತ್ತಾರೆ. ನನ್ನ ವಾದ: ಇವೆರಡು ಜೋಡಿಯಾಗುವುದಿಲ್ಲ. ಸರ್ಕಾರಿ ಯೋಜನೆಯ ರೋಗಿಯಾಗಿ ಒಳಹೋದವರ ಚಿಕಿತ್ಸೆಗೆ ಯೋಜನೆಯು ನಿಗದಿತ ಪ್ಯಾಕೇಜ್ ದರದಂತೆ ಆಸ್ಪತ್ರೆಗೇ ಹಣ ಕೊಡುತ್ತದೆ. ಆ ದರ ಖಾಸಗಿ ದರಕ್ಕಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಯೋಜನೆಗೆ ಸೇರದ ಆಸ್ಪತ್ರೆಗೆ ಹೋದರೆ, ಅಥವಾ ಸೇರಿದ ಆಸ್ಪತ್ರೆಯಲ್ಲೇ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಸ್ವಂತ ಖರ್ಚಿನಲ್ಲಿ ದಾಖಲಾದರೆ, ಕಾರ್ಡ್ ಲೆಕ್ಕಕ್ಕೇ ಬರುವುದಿಲ್ಲ. ಆಗ ಮೊದಲ 5 ಲಕ್ಷ ಪೂರ್ತಿ ಮನೆಯವರದೇ.

ಕಾರ್ಡ್‌ನ ದಾರಿಯಲ್ಲಿ ಹೋದರೂ ಎಪಿಎಲ್ ಕುಟುಂಬದ ಲೆಕ್ಕ ಬೇರೆ. ಪ್ಯಾಕೇಜ್‌ಗಳ ಮೊತ್ತ ವರ್ಷಕ್ಕೆ 5 ಲಕ್ಷವಾಯಿತೆನ್ನಿ. ಶೇ. 30ರಂತೆ ಸರ್ಕಾರ ಕೊಡುವುದು 1.5 ಲಕ್ಷ; ಅಲ್ಲಿಗೆ ಅದರ ಮಿತಿಯೂ ಮುಗಿಯಿತು. ಉಳಿದ 3.5 ಲಕ್ಷ ಕುಟುಂಬದ ಮೇಲೆ. ಸೂಪರ್ ಟಾಪ್-ಅಪ್ ಆಗಲೂ ಬಾಯಿ ಬಿಡುವುದಿಲ್ಲ, ಏಕೆಂದರೆ ಖರ್ಚು ಅದರ ಹೊಸ್ತಿಲು ದಾಟಿಲ್ಲ. ಅಂದರೆ ಈ ಜೋಡಣೆಯನ್ನು ನಂಬಿದ ಎಪಿಎಲ್ ಹಿರಿಯರಿಗೆ ಒಂದು ದಾರಿಯಲ್ಲಿ 3.5 ಲಕ್ಷದ ಕಂದಕ, ಇನ್ನೊಂದರಲ್ಲಿ 5 ಲಕ್ಷದ್ದು. ಬಿಪಿಎಲ್ ಕುಟುಂಬಕ್ಕೆ ಮೊದಲ ದಾರಿಯಲ್ಲಿ ಕಂದಕವಿಲ್ಲ, ಎರಡನೆಯದರಲ್ಲಿ ಇದೆ.

ಈ ವಾದಕ್ಕೆ ಮಿತಿಗಳುಂಟು, ಅವನ್ನು ಒತ್ತಿ ಹೇಳಬೇಕು. ಕಡಿತ ಮಿತಿಯ ಹಣವನ್ನು ಯಾರು ಭರಿಸಿದರೂ ಸರಿ ಎಂಬ ಒಕ್ಕಣೆ ಹಲವು ಪಾಲಿಸಿಗಳಲ್ಲಿದೆ. ಯೋಜನೆಯ ಪ್ಯಾಕೇಜ್ ಮೊತ್ತಕ್ಕೆ ಆಸ್ಪತ್ರೆ ವಿವರವಾದ ಬಿಲ್ ಕೊಟ್ಟು, ಕಂಪನಿ ಅದನ್ನು ಒಪ್ಪಿದರೆ ಜೋಡಣೆ ಸಾಧ್ಯ. ಒಂದೇ ವರ್ಷದಲ್ಲಿ ಕಾರ್ಡ್‌ನ ಮೊತ್ತ ಮುಗಿದು ಚಿಕಿತ್ಸೆ ಮುಂದುವರಿದಾಗಲೂ ದೊಡ್ಡ ಟಾಪ್-ಅಪ್ ಕೈಹಿಡಿಯಬಹುದು. ಆದ್ದರಿಂದ ಸೂಪರ್ ಟಾಪ್-ಅಪ್ ನಿರುಪಯುಕ್ತ ಎಂದು ನಾನು ಹೇಳುತ್ತಿಲ್ಲ. ಕಾರ್ಡ್ ಇದೆಯೆಂಬ ಒಂದೇ ಕಾರಣಕ್ಕೆ 5 ಲಕ್ಷದ ಕಡಿತ ಮಿತಿಯನ್ನು ಆರಿಸುವುದು ತಪ್ಪು ಎನ್ನುತ್ತಿದ್ದೇನೆ. ಅದೂ 70 ತುಂಬದ ಎಪಿಎಲ್ ಹಿರಿಯರ ವಿಷಯದಲ್ಲಿ.

ಇಲ್ಲಿ ಭೂಗೋಳವೂ ಸೇರಿಕೊಳ್ಳುತ್ತದೆ. ಆರೋಗ್ಯ ಕರ್ನಾಟಕದ 1,650 ಚಿಕಿತ್ಸೆಗಳ ಪೈಕಿ ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಯಲ್ಲಿ ಪಡೆಯಬಹುದಾದ ತುರ್ತು ಚಿಕಿತ್ಸೆಗಳು 169. ಮಿಕ್ಕವುಗಳಲ್ಲಿ ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು; ಕಠಿಣವಾದವಕ್ಕೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸಾಗರದಿಂದ ಸುಮಾರು 70 ಕಿಲೋಮೀಟರ್. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು, ಹೊಸನಗರದವರು ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವ ರೂಢಿ ಹಳೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಕರೂರು ಹೋಬಳಿಯ ತುಮರಿ ಸುತ್ತಿನವರು ಸಾಗರ ಸೇರಲು ಲಾಂಚ್ ಕಾಯಬೇಕಿತ್ತು. ಕತ್ತಲಾದ ಮೇಲೆ ಎದೆನೋವು ಬಂದರೆ ಉಳಿದದ್ದು ಸುತ್ತುಬಳಸಿನ ರಸ್ತೆ. ಆ ಹಿನ್ನೀರನ್ನು ದಾಟಿಸುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಇಂಥ ಕಡೆ ಮನೆಯವರು ಆಸ್ಪತ್ರೆಯನ್ನು ಆರಿಸುವುದು ಯೋಜನೆಯ ಪಟ್ಟಿ ನೋಡಿ ಅಲ್ಲ. ದಾರಿ, ಹೊತ್ತು, ವಾಹನ ನೋಡಿ. ಆ ಆಯ್ಕೆ ಅವರನ್ನು ಪದೇ ಪದೇ ಎರಡನೆಯ, 5 ಲಕ್ಷದ ಕಂದಕದ ದಾರಿಗೆ ತಳ್ಳುತ್ತದೆ.

ಅಗರ್ವಾಲ್ ಅವರ ಅಧ್ಯಯನದ ಬಗ್ಗೆ ನನ್ನ ಭಿನ್ನಮತ ಇರುವುದು ಬೇರೊಂದು ಬಿಂದುವಿನಲ್ಲಿ. ಯಶಸ್ವಿನಿ 2003ರ ಜೂನ್‌ನಲ್ಲಿ ವರ್ಷಕ್ಕೆ 60 ರೂಪಾಯಿಯ ವಂತಿಗೆಯಿಂದ ಆರಂಭವಾದ, ಸಹಕಾರ ಸಂಘಗಳ ಸದಸ್ಯರ ಯೋಜನೆ. ಮ್ಯಾಮ್ಕೋಸ್, ಆಪ್ಸ್‌ಕೋಸ್‌ನಂಥ ಅಡಿಕೆ ಸಹಕಾರ ಸಂಘಗಳ ನಾಡಿನಲ್ಲಿ, ಊರೂರಿಗೂ ಸೊಸೈಟಿ ಇರುವ ಮಲೆನಾಡಿನಲ್ಲಿ, ಇದಕ್ಕಿಂತ ಸಹಜವಾದ ವ್ಯವಸ್ಥೆ ಇರಲಾರದು. ಒಂದು ಕಾಲಾವಧಿಯಲ್ಲಿ ಸದಸ್ಯರನ್ನೂ ಅಲ್ಲದವರನ್ನೂ ಹೋಲಿಸಿದರೆ ಅದರ ಗುಣ ಕಾಣುತ್ತದೆ, ಕಂಡಿತು ಕೂಡ. ಆದರೆ 60ರ ಅಂಚಿನವರಿಗೆ ವಿಮೆಯ ಮುಖ್ಯ ಗುಣ ಅದು ತಪ್ಪದೆ ಮುಂದುವರಿಯುವುದು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಳಿಸಿ ನಿಲ್ಲಿಸಲಾಯಿತು. ಮತ್ತೆ ಜಾರಿಗೆ ಬಂದದ್ದು 2023ರ ಜನವರಿಯಲ್ಲಿ. ಆ ನಾಲ್ಕೂವರೆ ವರ್ಷಗಳಲ್ಲಿ 58ರಿಂದ 62ಕ್ಕೆ ಕಾಲಿಟ್ಟ ಎಪಿಎಲ್ ಸದಸ್ಯರು ಶೇ. 30ರ ಆಸರೆಗೆ ಬಿದ್ದರು. ಖಾಸಗಿ ಪಾಲಿಸಿಯನ್ನು ತಡವಾಗಿ ಹಿಡಿದವರಿಗೆ ಹಳೆಯ ಬಿಪಿ, ಸಕ್ಕರೆ ಕಾಯಿಲೆಗಳಿಗೆ ಪರಿಹಾರ ಸಿಗದ ಕಾಯುವ ಅವಧಿ ಹೊಸದಾಗಿ ಶುರುವಾಯಿತು. ಖಾಸಗಿ ವಿಮೆಯಲ್ಲಾದರೆ, ವಂಚನೆಯ ಪ್ರಕರಣ ಹೊರತು, ಕಂತು ಕಟ್ಟುತ್ತಿರುವವರ ಪಾಲಿಸಿಯನ್ನು ಅವರು ಹಿಂದೆ ಕ್ಲೇಮ್ ಮಾಡಿದ್ದಾರೆಂದು ಕಂಪನಿ ನವೀಕರಿಸದೆ ಬಿಡುವಂತಿಲ್ಲ. ಸರ್ಕಾರದ ಯೋಜನೆಗೆ ಅಂಥ ಕಟ್ಟುಪಾಡಿಲ್ಲ. 2010ರ ಅಳತೆಗೋಲಿನಲ್ಲಿ ಈ ಅಂಶಕ್ಕೆ ಜಾಗವಿರಲಿಲ್ಲ.

ಹಾಗೆಂದು ಯಶಸ್ವಿನಿಯನ್ನು ಬಿಡಬಾರದು. ಮರುಜಾರಿಯಾದ ಯೋಜನೆಯಲ್ಲಿ ಗ್ರಾಮೀಣ ಸಹಕಾರಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ರಕ್ಷಣೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬದ 3.5 ಲಕ್ಷದ ಕಂದಕವನ್ನು ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳ ಮಟ್ಟಿಗೆ ಇದು ಮುಚ್ಚಬಲ್ಲದು. ಆದರೆ ಇದರ ಬಲ ಮೊದಲಿನಿಂದಲೂ ಶಸ್ತ್ರಚಿಕಿತ್ಸೆಯಲ್ಲಿ. ನ್ಯುಮೋನಿಯಾ, ಪಾರ್ಶ್ವವಾಯು, ಮಳೆಗಾಲದ ಇಲಿಜ್ವರ ಮುಂತಾದವು ಕತ್ತರಿಯ ಕಾಯಿಲೆಗಳಲ್ಲ. ಸಾಗರದ ಅಥವಾ ಶಿವಮೊಗ್ಗದ ನರ್ಸಿಂಗ್ ಹೋಮಿನಲ್ಲಿ ವಾರಗಟ್ಟಲೆ ಮಲಗಿಸುವಂಥವು. ಪ್ರತಿ ಸಲದ ಬಿಲ್ ದೊಡ್ಡದಲ್ಲದಿದ್ದರೂ ಅದು ಮತ್ತೆ ಮತ್ತೆ ಬರುತ್ತದೆ. ಅಣೆಕಟ್ಟಿನಿಂದ ನೆಲೆ ಕಳೆದುಕೊಂಡ, ಪಹಣಿ ಇಲ್ಲದ ಶರಾವತಿ ಸಂತ್ರಸ್ತರ ಸಂಕಟ ಇನ್ನೊಂದು ಬಗೆಯದು: ಬೆಳೆಸಾಲದ ದಾರಿಯಿಂದ ಸೊಸೈಟಿಗೆ ಬರಲು ಅವರಿಗೆ ಪಹಣಿಯೇ ಅಡ್ಡ. ಹಾಲಿನ ಸಂಘದ ದಾರಿ ಅವರಿಗೆ ಹೆಚ್ಚು ಹತ್ತಿರದ್ದು.

ಆದ್ದರಿಂದ ಪೇಟೆಯ ಸಲಹೆಯ ಕ್ರಮವನ್ನೇ ತಿರುಗಿಸಬೇಕೆಂದು ನನ್ನ ಅಭಿಪ್ರಾಯ. ಎಪಿಎಲ್ ಹಿರಿಯರಿಗೆ ಮೊದಲು ಬೇಕಾದ್ದು 3 ಲಕ್ಷದ ಆಸುಪಾಸಿನ ಸಣ್ಣ ಮೂಲ ಪಾಲಿಸಿ. ಆಮೇಲೆ ಅದೇ 3 ಲಕ್ಷವನ್ನು ಕಡಿತ ಮಿತಿಯಾಗಿಸಿದ ಸೂಪರ್ ಟಾಪ್-ಅಪ್. ಇವುಗಳ ಜೊತೆಗೆ, ನೋಂದಣಿಯ ನಿಯಮ ಒಪ್ಪಿದರೆ, ಯಶಸ್ವಿನಿ. ಮೂಲ ಪಾಲಿಸಿಯನ್ನು 57ರ ಒಳಗೆ ಮಾಡಿಸಿದರೆ, 2024ರ ಏಪ್ರಿಲ್‌ನ ನಿಯಮದಂತೆ ಗರಿಷ್ಠ 36 ತಿಂಗಳ ಕಾಯುವ ಅವಧಿ 60ಕ್ಕೆ ಮುಗಿದಿರುತ್ತದೆ. ನೌಕರಿಯಲ್ಲಿ ಗುಂಪು ವಿಮೆ ಇದ್ದವರು ನಿವೃತ್ತಿಗೆ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡರೆ ಕಾದ ಕಾಲ ವ್ಯರ್ಥವಾಗದು. ಕಂತು ಹೊರೆಯೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿ ಹೋಗಿದ್ದು ಸ್ವಲ್ಪ ನಿರಾಳ. ವಿಮೆ ಕೊಳ್ಳಲು ಕಾರಣವೆಂದು ಎಲ್ಲೆಡೆ ಹೇಳುವ 80ಡಿ ತೆರಿಗೆ ವಿನಾಯಿತಿ ಮಾತ್ರ ಅಡಿಕೆಯ ಆದಾಯವನ್ನೇ ನಂಬಿದವರಿಗೆ ಉಪಯೋಗವಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯೇ ಇಲ್ಲವಲ್ಲ. ವಯಸ್ಸು ಮೀರಿ ಮೂಲ ಪಾಲಿಸಿ ಸಿಗದವರು, ಅಥವಾ ಅದರ ಕಂತು ಭರಿಸಲಾಗದವರು, ಕಡಿತ ಮಿತಿಯಷ್ಟು ಹಣವನ್ನು ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಠೇವಣಿ ಇಟ್ಟು, ಸೂಪರ್ ಟಾಪ್-ಅಪ್ ಒಂದನ್ನೇ ಹಿಡಿಯುವುದು ವಿವೇಕದ ದಾರಿ. ಠೇವಣಿಯಿಲ್ಲದ ಟಾಪ್-ಅಪ್ ಅರ್ಧ ರಕ್ಷಣೆ.

ಈ ವಾದ ನಿಯಮಗಳ ಓದಿನಿಂದ ಮತ್ತು ಲೆಕ್ಕದಿಂದ ಹುಟ್ಟಿದ್ದು. ಮನೆಮನೆಯ ಸಮೀಕ್ಷೆಯಿಂದ ಪರೀಕ್ಷಿತವಾಗಿಲ್ಲ. ವಯ ವಂದನಾ ಕಾರ್ಡ್‌ನ ಅರ್ಹತೆಯನ್ನು 60ಕ್ಕೆ ಇಳಿಸಿದರೆ ತೆರಪಿನ ಬಹುಭಾಗ ಮುಚ್ಚಿಹೋಗಿ, ಉಳಿಯುವುದು ಪಟ್ಟಿಯ ಹೊರಗಿನ ಆಸ್ಪತ್ರೆಗಳ ಪ್ರಶ್ನೆ ಮಾತ್ರ. ಸೇತುವೆಯಾದ ಮೇಲೆ ಕರೂರು ಹೋಬಳಿಯವರ ಆಸ್ಪತ್ರೆಯ ಆಯ್ಕೆ ಬದಲಾಗುತ್ತದೆಯೇ ಎಂಬುದನ್ನು ಕೆಲವು ವರ್ಷ ಕಾದು ನೋಡಬೇಕು. ಇನ್ನೊಂದು ಕೆಲಸವನ್ನು ಈಗಲೇ ಮಾಡಬಹುದು. ಯಶಸ್ವಿನಿಯ ವಂತಿಗೆ ಸಂಗ್ರಹಿಸಿದ್ದು ಸೊಸೈಟಿಗಳ ಮೂಲಕ. ಅವುಗಳಲ್ಲಿ ನಿಲುಗಡೆಗೆ ಮೊದಲಿನ ಮತ್ತು ಮರುಜಾರಿಯ ನಂತರದ ನೋಂದಣಿ ಪಟ್ಟಿಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿ ಸದಸ್ಯತ್ವ ಸಂಖ್ಯೆಗಳನ್ನು ಒಂದಕ್ಕೊಂದು ತಾಳೆ ಹಾಕಿದರೆ, 60 ದಾಟಿದವರಲ್ಲಿ ಯಾರು ಯೋಜನೆಗೆ ಮರಳಲಿಲ್ಲ ಎಂಬುದು ಹೊರಬರುತ್ತದೆ. ಮೂರೂ ತಾಲ್ಲೂಕುಗಳಲ್ಲಿ ಕೆಲವೇ ಸೊಸೈಟಿಗಳಿಂದ ಇದನ್ನು ಆರಂಭಿಸಬಹುದು.