ರೈಲಿನ ವೇಳೆಯೂ ಕಿರುಸಂದೇಶವೂ

"ಗಾಡಿ ಎಷ್ಟು ಹೊತ್ತಿಗೆ ಬರುವುದು?" ಎಂಬ ಪ್ರಶ್ನೆಯು ಇಂಡಿಯಾ ದೇಶದಲ್ಲಿ ರೈಲಿನಷ್ಟೇ ಹಳೆಯದು. ಕೇಳುವುದಕ್ಕೆ ಒಂದೇ ಪ್ರಶ್ನೆಯಾದರೂ ಇದರೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಗಾಡಿಯು ಎಷ್ಟು ಹೊತ್ತಿಗೆ ಬರತಕ್ಕದ್ದು ಎಂಬುದೊಂದು. ಈ ದಿನ ನಿಜವಾಗಿ ಎಷ್ಟು ಹೊತ್ತಿಗೆ ಬಂದೀತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ವೇಳಾಪಟ್ಟಿಯ ರೂಪದಲ್ಲಿ ಬಹು ಬೇಗನೆ ಅಚ್ಚಾಗಿ ದೊರೆಯಿತು. ಎರಡನೆಯದಕ್ಕೆ ಉತ್ತರವು ಮನೆಯಲ್ಲಿ ಕುಳಿತ ಸಾಮಾನ್ಯ ಪ್ರಯಾಣಿಕನಿಗೆ ದೊರೆಯಬೇಕಾದರೆ ಸುಮಾರು ಒಂದೂವರೆ ಶತಮಾನವೇ ಕಳೆಯಬೇಕಾಯಿತು. ಕೊನೆಗೆ ಅದು ಬಂದುದು ಮೊಬೈಲ್ ಫೋನಿನ ಕಿರುಸಂದೇಶದ ಮೂಲಕ. ಆ ಉತ್ತರವು ರೈಲಿನವರ ಕೈಯಿಂದ ಪ್ರಯಾಣಿಕನ ಕೈಗೆ ಬಂದ ಬಗೆಯು ವಿಚಾರಯೋಗ್ಯವಾದ ಚರಿತ್ರೆಯಾಗಿದೆ.

೧೮೫೩ನೆಯ ಇಸವಿ ಏಪ್ರಿಲ್ ೧೬ರ ಮಧ್ಯಾಹ್ನ ಬೊಂಬಾಯಿಯ ಬೋರಿ ಬಂದರಿನಿಂದ ಠಾಣೆಗೆ ಮೊದಲನೆಯ ಪ್ರಯಾಣಿಕರ ಗಾಡಿಯು ಹೊರಟಿತು. ಅಂದಿನವರೆಗೆ ಜನರು ಹೊತ್ತನ್ನು ಅಳೆಯುತ್ತಿದ್ದುದು ಸೂರ್ಯನಿಂದ, ನೆರಳಿನಿಂದ, ಗಳಿಗೆಬಟ್ಟಲಿನಿಂದ. ಒಂದೊಂದು ಊರಿಗೂ ಅದರದೇ ಆದ ಮಧ್ಯಾಹ್ನವಿದ್ದಿತು. ಬೊಂಬಾಯಿಯ ಗಡಿಯಾರಕ್ಕೂ ಕಲ್ಕತ್ತೆಯ ಗಡಿಯಾರಕ್ಕೂ ಒಂದು ಗಂಟೆಗಿಂತ ಹೆಚ್ಚಿನ ಅಂತರವಿದ್ದಿತು. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಇದರಿಂದ ಯಾವ ತೊಡಕೂ ಇರಲಿಲ್ಲ. ಆದರೆ ಒಂದೇ ಹಳಿಯ ಮೇಲೆ ಎದುರುಬದುರಾಗಿ ಓಡುವ ಗಾಡಿಗಳಿಗೆ ಎರಡು ಬಗೆಯ ಹೊತ್ತು ಇದ್ದರೆ ಪ್ರಾಣಹಾನಿಯೇ ಆದೀತು. ಆದಕಾರಣ ೧೮೭೦ರ ಸುಮಾರಿಗೆ, ಬೊಂಬಾಯಿ ಕಲ್ಕತ್ತೆಗಳಿಗೆ ನಡುವೆ ಬೀಳುವ ಮದರಾಸಿನ ಹೊತ್ತನ್ನೇ ರೈಲಿನ ಹೊತ್ತಾಗಿ ದೇಶದಲ್ಲೆಲ್ಲ ಬಳಸುವುದು ರೂಢಿಗೆ ಬಂದಿತು.

ಬೆಂಗಳೂರಿಗೆ ರೈಲು ಬಂದುದು ೧೮೬೪ರಲ್ಲಿ, ಜೋಲಾರಪೇಟೆಯ ಕಡೆಯಿಂದ. ಮದರಾಸಿಗಿಂತ ಸುಮಾರು ೧೧ ನಿಮಿಷ ತಡವಾಗಿ ಬೆಂಗಳೂರಿನಲ್ಲಿ ಸೂರ್ಯನು ನೆತ್ತಿಗೆ ಬರುತ್ತಾನೆ. ಹೀಗಾಗಿ ಊರ ಹೊತ್ತನ್ನು ನಂಬಿ ಮನೆಯಿಂದ ಹೊರಟವನಿಗೆ ಸ್ಟೇಷನ್ನಿನ ಗಡಿಯಾರವು ಯಾವಾಗಲೂ ಮುಂದಾಗಿಯೇ ಕಾಣತಕ್ಕದ್ದಾಗಿದ್ದಿತು. ೧೯೦೬ನೆಯ ಇಸವಿ ಜನವರಿ ೧ರಿಂದ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಏಕರೂಪದ ವೇಳೆಯು ದೇಶಕ್ಕೆ ಬಂದಿತು. ಆದರೂ ಕಲ್ಕತ್ತೆಯು ೧೯೪೮ರವರೆಗೂ ಬೊಂಬಾಯಿಯು ೧೯೫೫ರವರೆಗೂ ತಮ್ಮ ಊರ ಹೊತ್ತನ್ನು ಬಿಟ್ಟುಕೊಡಲಿಲ್ಲ. ರೈಲಿನ ಹೊತ್ತು ಜನರ ಹೊತ್ತಾಗುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದಕ್ಕೆ ಇದೇ ಸಾಕ್ಷಿ.

ಹೊತ್ತು ಒಂದಾದ ಮೇಲೆ ಅದನ್ನು ತಿಳಿಸುವ ಬಗೆ ಹೇಗೆ? ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರಾಡ್‌ಷಾ ಎಂಬಾತನು ೧೮೩೯ರಲ್ಲಿಯೇ ರೈಲುಗಳ ವೇಳಾಪಟ್ಟಿಯ ಪುಸ್ತಕವನ್ನು ಹೊರಡಿಸಿದ್ದನು. ಅವನ ಹೆಸರು ಅಲ್ಲಿ ವೇಳಾಪಟ್ಟಿಗೇ ಹೆಸರಾಗಿ ನಿಂತಿತು. ಆ ಹೆಸರನ್ನೇ ಇಟ್ಟುಕೊಂಡು ಕಲ್ಕತ್ತೆಯ ನ್ಯೂಮನ್ ಕಂಪೆನಿಯವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ 'ಇಂಡಿಯನ್ ಬ್ರಾಡ್‌ಷಾ'ವನ್ನು ಪ್ರಕಟಿಸತೊಡಗಿದರು. ಆದರೆ ಆ ಪುಸ್ತಕವು ಇಂಗ್ಲಿಷಿನದು. ಅದರ ಕೋಷ್ಟಕಗಳನ್ನು ಓದುವುದೇ ಒಂದು ವಿದ್ಯೆ. ಮೂರನೆಯ ತರಗತಿಯಲ್ಲಿ ಪ್ರಯಾಣ ಮಾಡುವ ಬಹುಜನಕ್ಕೆ ಅದು ಇದ್ದೂ ಇಲ್ಲದಂತೆಯೇ. ಅವರು ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದು, ಗಂಟುಗಳ ಮೇಲೆ ತಲೆಯಿಟ್ಟು ಮಲಗಿ, ತೂಗುಹಾಕಿದ ಹಳಿಯ ತುಂಡನ್ನು ಬಡಿಯುವ ಸದ್ದಿಗಾಗಿ ಕಾಯುತ್ತಿದ್ದರು. ಆ ಸದ್ದೇ ಅವರ ವೇಳಾಪಟ್ಟಿ.

ಕಾಯುವವರ ತಲೆಯ ಮೇಲೆಯೇ, ಹಳಿಯ ಮಗ್ಗುಲಿಗೆ ನೆಟ್ಟ ಕಂಬಗಳ ಮೇಲೆ, ತಂತಿಯು ಹಾದುಹೋಗುತ್ತಿದ್ದಿತು. ರೈಲಿಗೂ ತಂತಿಗೂ ಹುಟ್ಟಿನಿಂದಲೇ ನಂಟು. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ವೆಸ್ಟ್ ಡ್ರೇಟನ್‌ವರೆಗೆ ೧೮೩೯ರಲ್ಲಿ ಕುಕ್ ಮತ್ತು ವೀಟ್‌ಸ್ಟನ್ ಎಂಬವರ ತಂತಿಯಂತ್ರವು ರೈಲಿನ ಕೆಲಸಕ್ಕಾಗಿಯೇ ನಡೆಯಿತು. ೧೮೪೫ರ ಹೊಸವರ್ಷದ ದಿನ ಸ್ಲೌ ಊರಿನ ಬಳಿ ಒಂದು ಕೊಲೆಯಾಗಿ, ಕೊಲೆಗಾರನಾದ ಜಾನ್ ಟಾವೆಲ್ ಎಂಬವನು ಗಾಡಿಯೇರಿ ಲಂಡನ್ನಿಗೆ ಓಡಿದನು. ಗಾಡಿಗಿಂತ ಮುಂಚೆ ತಂತೀಸುದ್ದಿಯು ಹೋಗಿ ಮುಟ್ಟಿತು, ಅವನು ಸಿಕ್ಕಿಬಿದ್ದನು. ಅವನು ಕ್ವೇಕರ್ ಪಂಥದವರ ಉಡುಪಿನಲ್ಲಿದ್ದನೆಂದು ತಿಳಿಸಬೇಕಾಗಿದ್ದಿತು. ಆದರೆ ಆ ಯಂತ್ರದಲ್ಲಿ 'ಕ್ಯೂ' ಎಂಬ ಅಕ್ಷರವೇ ಇರಲಿಲ್ಲ. 'ಕೆ', 'ಡಬ್ಲ್ಯು' ಎಂಬ ಅಕ್ಷರಗಳನ್ನು ಹಾಕಿ ಹೇಗೋ ಪದವನ್ನು ಮುಗಿಸಿದರು. ಯಂತ್ರದಲ್ಲಿ ಇಲ್ಲದ ಅಕ್ಷರವನ್ನು ಮನುಷ್ಯನು ಇದ್ದ ಅಕ್ಷರಗಳಿಂದಲೇ ತುಂಬಿಕೊಳ್ಳಬೇಕಾದ ಈ ಸಂಗತಿಯು ಮುಂದೆ ಕನ್ನಡಿಗರ ಅನುಭವಕ್ಕೂ ಬಂದಿತು.

ಇಂಡಿಯಾದಲ್ಲಿ ೧೮೫೫ರಲ್ಲಿ ತಂತಿಯು ಸಾರ್ವಜನಿಕರಿಗೆ ತೆರೆಯಿತು. ಆದರೆ ರೈಲು ಸ್ಟೇಷನ್ನುಗಳ ನಡುವಿನ ತಂತಿಯ ಮುಖ್ಯವಾದ ಕೆಲಸವು ಗಾಡಿಗಳನ್ನು ಸುರಕ್ಷಿತವಾಗಿ ನಡೆಸುವುದು. ಮುಂದಿನ ಸ್ಟೇಷನ್ನಿನವರು ದಾರಿ ತೆರವಾಗಿದೆಯೆಂದು ಒಪ್ಪಿಗೆ ಕೊಡದೆ ಹಿಂದಿನವರು ಗಾಡಿಯನ್ನು ಬಿಡುವಂತಿಲ್ಲ. ಆದಕಾರಣ ಗಾಡಿಯು ಎಲ್ಲಿದೆ, ಎಷ್ಟು ತಡವಾಗಿದೆ ಎಂಬುದು ಸ್ಟೇಷನ್ ಮಾಸ್ತರರಿಗೆ ತಿಳಿದೇ ಇರುತ್ತಿದ್ದಿತು. ಅವರು ಕೃಪೆಯಿಟ್ಟು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಸಿದರೆ ಪ್ರಯಾಣಿಕನಿಗೂ ತಿಳಿಯಿತು, ಇಲ್ಲವಾದರೆ ಇಲ್ಲ. ಬರೆಸಿದರೂ ಓದಬೇಕಾದರೆ ಸ್ಟೇಷನ್ನಿಗೇ ಬರಬೇಕು. ಮನೆಯಲ್ಲಿದ್ದವನಿಗೆ ಉಳಿದುದು ವೇಳಾಪಟ್ಟಿಯೊಂದೇ. ವೇಳಾಪಟ್ಟಿಯು ರೈಲಿನವರು ಕೊಟ್ಟ ಮಾತು. ಆ ಮಾತು ಈ ದಿನ ನಡೆಯಿತೇ ಎಂಬುದನ್ನು ಅದು ಹೇಳಲಾರದು.

ಟೆಲಿಫೋನು ಬಂದ ಮೇಲೆ ವಿಚಾರಣೆಗೆಂದು ಪ್ರತ್ಯೇಕ ಸಂಖ್ಯೆಗಳು ಬಂದುವು. ಆದರೆ ಟೆಲಿಫೋನು ಇದ್ದ ಮನೆಗಳೇ ಬಹುಕಾಲ ವಿರಳವಾಗಿದ್ದುವು. ೧೯೮೬ರಲ್ಲಿ ರೈಲ್ವೆ ಇಲಾಖೆಯು ಕಂಪ್ಯೂಟರಿನ ಕೆಲಸಗಳಿಗಾಗಿ 'ಕ್ರಿಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಮೊದಲು ಸ್ಥಳ ಕಾದಿರಿಸುವ ಲೆಕ್ಕವೂ, ತರುವಾಯ ಗಾಡಿಗಳ ಚಲನೆಯ ಲೆಕ್ಕವೂ ಕ್ರಮೇಣ ಯಂತ್ರದೊಳಕ್ಕೆ ಬಂದುವು. ನಿಯಂತ್ರಣ ಕಚೇರಿಯಲ್ಲಿ ಕುಳಿತವರು ಬರೆದಿಡುತ್ತಿದ್ದ ಸುದ್ದಿಯು ಹೀಗೆ ಒಂದೆಡೆ ಕೂಡಿತು. ಅದನ್ನು ಕೇಳುವವನಿಗೆ ತಲಪಿಸುವ ದಾರಿಯೊಂದು ಬೇಕಾಗಿದ್ದಿತು.

ಆ ದಾರಿಯು ಯೂರೋಪಿನಲ್ಲಿ ಆಗಲೇ ಸಿದ್ಧವಾಗುತ್ತಿದ್ದಿತು. ೧೯೮೪-೮೫ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್, ಫ್ರಾನ್ಸಿನ ಬರ್ನಾರ್ ಗಿಲೆಬಾರ್ ಎಂಬವರು ಮೊಬೈಲ್ ಫೋನಿನಲ್ಲಿ ಸಣ್ಣ ಬರೆಹಗಳನ್ನು ಕಳುಹಿಸುವ ಸೂಚನೆಯನ್ನು ರೂಪಿಸಿದರು. ಫೋನಿಗೂ ಗೋಪುರಕ್ಕೂ ನಡುವೆ ಮಾತಿನ ಹಾದಿಯಲ್ಲದೆ ಇನ್ನೊಂದು ಕಿರುಹಾದಿಯೂ ಇರುತ್ತದೆ. ಫೋನು ಎಲ್ಲಿದೆ, ಕರೆ ಬಂದಿದೆಯೇ ಎಂಬ ವ್ಯವಸ್ಥೆಯ ಸ್ವಂತ ಸಮಾಚಾರಗಳು ಅದರ ಮೇಲೆ ನಡೆಯುತ್ತವೆ. ಆ ಹಾದಿಯು ಬಹುಪಾಲು ಹೊತ್ತು ಬರಿದಾಗಿರುವುದರಿಂದ ಅದರಲ್ಲಿಯೇ ಸಂದೇಶವನ್ನು ಸಾಗಿಸಬಹುದೆಂದು ಅವರು ಕಂಡರು. ಹಾದಿ ಕಿರಿದಾದುದರಿಂದ ಸಂದೇಶಕ್ಕೂ ೧೬೦ ಅಕ್ಷರಗಳ ಮಿತಿ ಬಿದ್ದಿತು. ಅಂಚೆಕಾರ್ಡಿನ ಒಕ್ಕಣೆಯು ಸಾಮಾನ್ಯವಾಗಿ ಇಷ್ಟರಲ್ಲಿಯೇ ಮುಗಿಯುತ್ತದೆಂಬುದು ಹಿಲ್ಲೆಬ್ರಾಂಡರ ಸಮಾಧಾನವಾಗಿದ್ದಿತು. ೧೯೯೨ರ ಡಿಸೆಂಬರ್ ೩ರಂದು ಇಂಗ್ಲೆಂಡಿನ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರು ಕ್ರಿಸ್‌ಮಸ್ ಶುಭಾಶಯವೊಂದನ್ನು ಕಳುಹಿಸಿದುದೇ ಮೊದಲನೆಯ ಕಿರುಸಂದೇಶ. ಹಳಿಯ ಮಗ್ಗುಲಿನ ತಂತಿಯು ರೈಲಿನ ಸ್ವಂತ ಕೆಲಸಕ್ಕೆ ಹಾಕಿದುದು. ಈ ಕಿರುಹಾದಿಯೂ ಫೋನು ವ್ಯವಸ್ಥೆಯ ಸ್ವಂತ ಕೆಲಸಕ್ಕೆ ಮಾಡಿದುದು. ಭೇದವಿಷ್ಟೇ: ತಂತಿಯಲ್ಲಿ ಹೋಗುವ ಸುದ್ದಿಯನ್ನು ಕೆಳಗೆ ಕುಳಿತವನು ಕೇಳುವಂತಿರಲಿಲ್ಲ, ಈ ಹಾದಿಯನ್ನು ಸಾಮಾನ್ಯರಿಗೂ ತೆರೆದರು.

ಇಂಡಿಯಾದಲ್ಲಿ ಮೊದಲ ಮೊಬೈಲ್ ಸಂಭಾಷಣೆಯು ೧೯೯೫ರ ಜುಲೈ ೩೧ರಂದು ಕಲ್ಕತ್ತೆ ದೆಹಲಿಗಳ ನಡುವೆ ನಡೆಯಿತು. ಮೊದಮೊದಲು ಕರೆ ಬಂದರೂ ಹಣ ತೆರಬೇಕಾಗಿದ್ದಿತು. ೨೦೦೩ರಲ್ಲಿ ಒಳಬರುವ ಕರೆಗೆ ಕೊಡಬೇಕಾದ ಹಣವು ತಪ್ಪಿದ ಮೇಲೆ ಫೋನು ಅಂಗಡಿಯವನ, ಆಟೋ ನಡೆಸುವವನ, ಕೂಲಿಯವನ ಜೇಬಿಗೂ ಇಳಿಯಿತು. ೨೦೦೭ರಲ್ಲಿ ರೈಲಿನ ವಿಚಾರಣೆಗಾಗಿ ದೇಶಕ್ಕೆಲ್ಲ ೧೩೯ ಎಂಬ ಒಂದೇ ಸಂಖ್ಯೆಯು ಬಂದಿತು. ಅದಕ್ಕೆ ಮಾತಿನಲ್ಲಿಯೂ ಕೇಳಬಹುದು, ಕಿರುಸಂದೇಶದಲ್ಲಿಯೂ ಕೇಳಬಹುದು.

ಕೇಳುವ ಕ್ರಮಕ್ಕೆ ಒಂದು ಸಣ್ಣ ವ್ಯಾಕರಣವಿದ್ದಿತು. 'ಟೈಮ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಗಾಡಿಯ ಸಂಖ್ಯೆಯನ್ನು ಹಾಕಿದರೆ ವೇಳಾಪಟ್ಟಿ, 'ಸ್ಪಾಟ್' ಎಂದು ಬರೆದರೆ ಗಾಡಿಯು ಈಗ ಎಲ್ಲಿದೆಯೆಂಬ ಸಂಗತಿ, 'ಎ.ಡಿ.' ಎಂದು ಬರೆದು ಗಾಡಿಯ ಸಂಖ್ಯೆಯನ್ನೂ ಊರಿನ ದೂರವಾಣಿ ಸಂಕೇತವನ್ನೂ, ಎಂದರೆ ಹುಬ್ಬಳ್ಳಿಗೆ ೦೮೩೬ ಎಂಬಂತೆ, ಸೇರಿಸಿದರೆ ಅಲ್ಲಿಗೆ ಗಾಡಿ ಬರುವ ಹೊರಡುವ ಹೊತ್ತು. ಟಿಕೆಟ್ಟಿನ ಹತ್ತು ಅಂಕಿಗಳ ಪಿ.ಎನ್.ಆರ್. ಸಂಖ್ಯೆಯನ್ನು ಕಳುಹಿಸಿದರೆ ಸ್ಥಳ ಸಿಕ್ಕಿತೇ ಇಲ್ಲವೇ ಎಂಬುದು ತಿಳಿಯುತ್ತಿದ್ದಿತು. ೨೦೧೦ರ ಡಿಸೆಂಬರಿನಿಂದ ಗಾಡಿಗಳ ಸಂಖ್ಯೆಯು ಐದಂಕಿಯದಾದಾಗ ಈ ವ್ಯಾಕರಣವನ್ನು ಬಲ್ಲವರು ಒಂದಂಕಿಯನ್ನು ಹೆಚ್ಚಾಗಿ ನೆನಪಿಟ್ಟುಕೊಂಡರು. ಇಷ್ಟಕ್ಕೂ ಬೇಕಾದುದು ಗುಂಡಿಗಳ ಸಾದಾ ಫೋನು, ಕೆಲವು ರೂಪಾಯಿಗಳ ಶುಲ್ಕ.

ಇದರಿಂದ ಆದ ಉಪಕಾರವನ್ನು ಅಳೆಯಬೇಕಾದರೆ ಅಪರಾತ್ರಿಯ ಗಾಡಿಗಳನ್ನು ನೆನೆಯಬೇಕು. ಸಣ್ಣ ಊರುಗಳಲ್ಲಿ ದೂರದ ಗಾಡಿಯು ನಿಲ್ಲುವುದು ಎಷ್ಟೋ ಸಲ ರಾತ್ರಿ ಎರಡಕ್ಕೋ ಮೂರಕ್ಕೋ. ರೋಗಿಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯುವವರು, ಕೈಗೂಸಿನ ಬಾಣಂತಿ, ಪರೀಕ್ಷೆಗೆ ಹೊರಟ ಹುಡುಗಿ, ಇವರೆಲ್ಲ ಗಾಡಿಯು ಮೂರು ಗಂಟೆ ತಡವೆಂಬುದನ್ನು ಬಯಲಿನ ಚಳಿಯಲ್ಲಿ ನಿಂತೇ ತಿಳಿಯಬೇಕಾಗಿದ್ದಿತು. ಈಗ ಆ ಮೂರು ಗಂಟೆಯು ಮನೆಯ ನಿದ್ರೆಯಾಗಿ ಅವರಿಗೆ ಹಿಂದಿರುಗಿ ಬಂದಿತು. ಬಡವನ ಹೊತ್ತಿಗೂ ಬೆಲೆಯುಂಟೆಂದು ಒಪ್ಪಿಕೊಂಡ ಏರ್ಪಾಡುಗಳಲ್ಲಿ ಇದೂ ಒಂದು.

ಕುಂದುಗಳೂ ಇಲ್ಲದಿರಲಿಲ್ಲ. ಸಂದೇಶದ ೧೬೦ರ ಮಿತಿಯು ಇಂಗ್ಲಿಷಿನ ಲಿಪಿಗೆ ಹೊಂದುವುದು. ಕನ್ನಡವೇ ಮೊದಲಾದ ಲಿಪಿಗಳ ಒಂದೊಂದು ಚಿಹ್ನೆಗೂ ಹೆಚ್ಚು ಸ್ಥಳ ಬೇಕಾದುದರಿಂದ ಆ ಲಿಪಿಗಳಿಗೆ ಮಿತಿಯು ೭೦. ಮೇಲಾಗಿ 'ಸ್ಟೇಷನ್' ಎಂಬ ಪದವು ಕಣ್ಣಿಗೆ ಮೂರಕ್ಷರದಂತೆ ಕಂಡರೂ ಒತ್ತು, ಗುಣಿತ, ಅರ್ಧಾಕ್ಷರಗಳನ್ನು ಬಿಡಿಬಿಡಿಯಾಗಿ ಎಣಿಸುವ ಯಂತ್ರಕ್ಕೆ ಅದು ಏಳು. ಇಂಗ್ಲಿಷಿನಲ್ಲಿಯೂ ಆ ಪದಕ್ಕೆ ಏಳೇ ಅಕ್ಷರ. ಆದರೆ ಅದು ೧೬೦ರಲ್ಲಿ ಏಳು, ಇದು ೭೦ರಲ್ಲಿ ಏಳು. ಎಷ್ಟೋ ಫೋನುಗಳಲ್ಲಿ ಕನ್ನಡದ ಅಕ್ಷರಗಳು ಬರಿಯ ಚೌಕಗಳಾಗಿ ತೋರುತ್ತಿದ್ದುವು. ಹಿಂದೆ 'ಕ್ಯೂ' ಇಲ್ಲದ ಯಂತ್ರದೊಡನೆ ಇಂಗ್ಲಿಷರು ಹೆಣಗಿದಂತೆ, ಕನ್ನಡಿಗರು ತಮ್ಮ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುವುದನ್ನು ರೂಢಿಮಾಡಿಕೊಂಡರು. ಆ ಅಕ್ಷರಗಳನ್ನು ಅರಿಯದ ಅಜ್ಜನಿಗೆ ಶಾಲೆಗೆ ಹೋಗುವ ಮೊಮ್ಮಗನೇ ಸ್ಟೇಷನ್ ಮಾಸ್ತರನಾಗಬೇಕಾಯಿತು.

ಕಿರುಸಂದೇಶಕ್ಕೂ ರೈಲಿಗೂ ಉಂಟಾದ ಇನ್ನೊಂದು ಸಂಬಂಧವು ದುಃಖಕರವಾದುದು. ೨೦೧೨ರ ಆಗಸ್ಟ್ ತಿಂಗಳ ನಡುವೆ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯಲಿದೆಯೆಂಬ ಸುಳ್ಳು ಸುದ್ದಿಯು ಬೆಂಗಳೂರಿನಲ್ಲಿ ಕಿರುಸಂದೇಶಗಳ ಮೂಲಕ ಹರಡಿತು. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಕೆಲಸವನ್ನೂ ಓದನ್ನೂ ಬಿಟ್ಟು ಬೆಂಗಳೂರು ನಗರ ಸ್ಟೇಷನ್ನಿಗೆ ಧಾವಿಸಿದರು. ಗೌಹಾತಿಗೆ ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರವು ಆಗಸ್ಟ್ ೧೭ರಂದು, ಹದಿನೈದು ದಿನಗಳ ಮಟ್ಟಿಗೆ ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳುಹಿಸಕೂಡದೆಂದು ಕಟ್ಟುಮಾಡಿತು. ಗಾಡಿಯ ಹೊತ್ತನ್ನು ತಿಳಿಸುತ್ತಿದ್ದ ಹಾದಿಯಲ್ಲಿಯೇ ಭಯವೂ ನಡೆದುಬಂದು ಗಾಡಿಗಳನ್ನು ತುಂಬಿಸಿತು. ಎರಡಕ್ಕೂ ಇದ್ದ ಅಂತರವನ್ನು ಗಮನಿಸಬೇಕು. ೧೩೯ರಿಂದ ಬರುತ್ತಿದ್ದುದು ಕೇಳಿದ ಪ್ರಶ್ನೆಗೆ ಉತ್ತರ. ಅದು ತಪ್ಪಾದರೆ ಹೊಣೆಗಾರರುಂಟು. ಆ ದಿನಗಳಲ್ಲಿ ಬಂದುದು ಯಾರೂ ಕೇಳದ, ಯಾರೂ ಹೊಣೆಯಾಗದ ಸುದ್ದಿ. ಸಂದೇಶದ ಗಾತ್ರ ಒಂದೇ ಆದರೂ ನಂಬಿಕೆಗೆ ಅರ್ಹವಾಗುವುದು ಹೊಣೆ ಹೊತ್ತ ಮಾತು ಮಾತ್ರ.

೨೦೧೩ರ ಜುಲೈಯಲ್ಲಿ ಇಂಡಿಯಾದ ತಂತೀಸುದ್ದಿಯ ಸೇವೆಯು ಮುಗಿಯಿತು. ಅದನ್ನು ಮುಗಿಸಿದ ಕಾರಣಗಳಲ್ಲಿ ಒಂದಾದ ಕಿರುಸಂದೇಶವೂ, ಅಂತರ್ಜಾಲವುಳ್ಳ ಫೋನುಗಳು ಬಂದ ಮೇಲೆ, ಹಿಂದಿನ ಸಾಲಿಗೆ ಸರಿಯಿತು. ಎಂಜಿನ್ನುಗಳಿಗೆ ಉಪಗ್ರಹದ ನೆರವಿನ ಉಪಕರಣಗಳನ್ನು ಅಳವಡಿಸಿ ಅರ್ಧ ನಿಮಿಷಕ್ಕೊಮ್ಮೆ ಗಾಡಿಯ ನೆಲೆಯನ್ನು ಅರಿಯುವ ಏರ್ಪಾಡು ಬಂದಿದೆ. ೧೩೯ ಎಂಬ ಸಂಖ್ಯೆಯು ೨೦೨೦-೨೧ರಲ್ಲಿ ರೈಲಿನ ಬೇರೆಬೇರೆ ಸಹಾಯಸಂಖ್ಯೆಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಂಡಿತು.

ಸಾಧನಗಳು ಹೀಗೆ ಒಂದನ್ನೊಂದು ಹಿಂದೆ ಹಾಕಿ ಹೋಗುವುವು. ಅವುಗಳ ನಡುವೆ ಕಿರುಸಂದೇಶದ ಪಾಲಿಗೆ ಬಂದ ಕೀರ್ತಿಯು ವೇಗದ್ದಲ್ಲ; ತಂತಿಯೂ ವೇಗವಾಗಿಯೇ ಇದ್ದಿತು. ಬ್ರಾಡ್‌ಷಾನ ಕಾಲದಿಂದ ರೈಲಿನವರು ಪ್ರಯಾಣಿಕನಿಗೆ ತಮ್ಮ ವಾಗ್ದಾನವನ್ನು ಮಾತ್ರ ಅಚ್ಚುಹಾಕಿಸಿ ಕೊಡುತ್ತಿದ್ದರು. ವಾಗ್ದಾನವು ತಪ್ಪಿದ ಸುದ್ದಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಹಳ್ಳಿಯ ಮನೆಯೊಂದರಿಂದ ನಡುರಾತ್ರಿಯಲ್ಲಿ ಕೇಳಿದವನಿಗೆ "ಗಾಡಿ ಇಷ್ಟು ತಡವಾಗಿದೆ" ಎಂದು ಮರೆಮಾಚದೆ ತಿಳಿಸುವ ಪದ್ಧತಿಯು ಜನಸಾಮಾನ್ಯರ ಕೈಗೆ ಮುಟ್ಟಿದುದು ಆ ನೂರರವತ್ತು ಅಕ್ಷರಗಳಲ್ಲಿ. ಗಾಡಿಯು ಅದರಿಂದ ಬೇಗನೆ ಬರಲಿಲ್ಲ; ಆದರೆ ಕಾಯುವವನು ತಿಳಿದು ಕಾಯುವಂತಾಯಿತು.